ತೊನ್ನು, ಸೋರಿಯಾಸಿಸ್‌ಗೆ ಲೈಟ್ ಚಿಕಿತ್ಸೆ: ಕಲೆಗೆ ಮಾತ್ರ ಹಿಡಿಯೋದಾ, ಇಡೀ ಮೈಗಾ, ಮನೆಯಲ್ಲೇನಾ?

ನನ್ನ ಬಲ ಹುಬ್ಬಿನ ಕೆಳಗೆ ಕಡಲೆಕಾಳಿನಷ್ಟು ಬಿಳಿ ಕಲೆ ಇತ್ತು. ಎರಡೂ ಕೈಯ ಬೆರಳ ಗೆಣ್ಣುಗಳ ಮೇಲೆ ಇನ್ನೊಂದಿಷ್ಟು. ಒಂದೇ ಡಾಕ್ಟರ್, ಒಂದೇ ಮಷಿನ್, ಎರಡಕ್ಕೂ ಒಂದೇ ದಿನ ಚಿಕಿತ್ಸೆ ಶುರು. ಹುಬ್ಬಿನದು ಐದು ತಿಂಗಳಲ್ಲಿ ತುಂಬಿಕೊಂಡಿತು, ಈಗ ಎಲ್ಲಿತ್ತು ಅಂತ ನಾನೇ ಬೆರಳಿಟ್ಟು ತೋರಿಸಬೇಕು. ಗೆಣ್ಣುಗಳು ಇವತ್ತಿಗೂ ಬಿಳಿ.

ಅದಕ್ಕೇ ಯಾರಾದರೂ "ಯಾವ ಮಷಿನ್ ಚಲೋ ಐತ್ರಿ?" ಅಂತ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಕಲೆ ಮೈಮೇಲೆ ಎಲ್ಲೆಲ್ಲಿದೆ? ವಾರಕ್ಕೆ ಎರಡು ಸಲ, ಆರು ತಿಂಗಳು, ತಪ್ಪದೆ ಅಲ್ಲಿಗೆ ಹೋಗಿ ಬರೋಕೆ ಆಗುತ್ತಾ? ಇವೆರಡಕ್ಕೆ ಉತ್ತರ ಇಲ್ಲದೆ ಮಷಿನ್ ಆರಿಸೋದು ಅಂದ್ರೆ ಹೊಲ ನೋಡದೆ ಬೀಜ ತಂದ ಹಾಗೆ.

ನಾನು ಡಾಕ್ಟರ್ ಅಲ್ಲ. ಗದಗದಲ್ಲಿ ಒಂದು ಕಚೇರಿಯ ಕೌಂಟರಿನಲ್ಲಿ ಕೂತು ದಿನವಿಡೀ ಜನರಿಗೆ ಕಾಗದ ಕೊಡುವ ಕೆಲಸ ನನ್ನದು, ಹಾಗಾಗಿ ನನ್ನ ಬೆರಳುಗಳನ್ನು ನನಗಿಂತ ಜಾಸ್ತಿ ಬೇರೆಯವರೇ ನೋಡಿದ್ದಾರೆ. ಇದರ ಜೊತೆಗೆ ಬ್ಯಾಡಗಿಯಲ್ಲಿರುವ ನಮ್ಮ ಕಾಕಾನ ಸೋರಿಯಾಸಿಸ್‌ಗೂ ಓಡಾಡಿದ್ದೇನೆ. ಎರಡೂ ಕಡೆ ಕೇಳಿ ತಿಳಿದದ್ದು, ಓದಿದ್ದು, ಸುಟ್ಟುಕೊಂಡು ಕಲಿತದ್ದು, ಎಲ್ಲ ಇಲ್ಲಿದೆ.

ಮೊದಲು ಅದು ಏನು ಅಂತ ಖಾತ್ರಿ ಆಗಲಿ

ಬಿಳಿ ಕಂಡದ್ದೆಲ್ಲ ತೊನ್ನಲ್ಲ. ಬೆನ್ನು, ಎದೆ ಮೇಲೆ ಬರುವ ಸಿಬ್ಬ ಶಿಲೀಂಧ್ರದಿಂದ ಬರೋದು, ಅದಕ್ಕೆ ಮುಲಾಮು ಸಾಕು. ಮಕ್ಕಳ ಕೆನ್ನೆ ಮೇಲಿನ ಮಸುಕು ಬಿಳಿ ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ. ಮುಟ್ಟಿದರೆ ಗೊತ್ತಾಗದ ಕಲೆ ಇದ್ದರೆ ಅದು ಕುಷ್ಠದ ಗುರುತಾಗಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧಿ ಇದೆ, ವಾಸಿಯೂ ಆಗುತ್ತದೆ, ತಡ ಮಾಡಬಾರದು ಅಷ್ಟೇ. ಡಾಕ್ಟರ್ ಕತ್ತಲೆ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಅನ್ನೋ ನೇರಳೆ ದೀಪ ಹಿಡಿದರೆ ತೊನ್ನು ಸುಣ್ಣ ಬಳಿದ ಹಾಗೆ ಹೊಳೆಯುತ್ತದೆ. ಬರಿಗಣ್ಣಿಗೆ ಕಾಣದ ಇನ್ನೂ ಎರಡು ಕಲೆ ನನ್ನ ಎಡಗೈ ಮೇಲೆ ಕಂಡದ್ದು ಅವತ್ತೇ.

ಇನ್ನೊಂದು ಮಾತು, ಹೆಣ್ಣುಮಕ್ಕಳಿಗೆ. ಹಣೆಯ ಮೇಲೆ ಸರಿಯಾಗಿ ಟಿಕಳಿ ಅಂಟಿಸುವ ಜಾಗದಲ್ಲೇ ಬಿಳಿ ಆಗಿದೆಯಾ? ಇಲ್ಲಾ ರಬ್ಬರ್ ಚಪ್ಪಲಿಯ ಪಟ್ಟಿ ಕೂರುವಲ್ಲಿ? ಹಾಗಿದ್ದರೆ ಮೊದಲು ಅವನ್ನು ಬಿಡಿ. ಆ ಅಂಟಿನಲ್ಲಿ, ರಬ್ಬರಿನಲ್ಲಿ ಇರುವ ಕೆಲವು ರಾಸಾಯನಿಕಗಳು ಬಣ್ಣದ ಕೋಶಗಳನ್ನೇ ಕೊಲ್ಲುತ್ತವೆ. ಅದನ್ನು ಬಿಡದೆ ಲೈಟ್‌ಗೆ ಹೋದರೆ ದುಡ್ಡು ದಂಡ.

ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ, ಹುಣಸೆಹಣ್ಣು ಬಿಡಬೇಕು, ಮುಟ್ಟಿದರೆ ಅಂಟುತ್ತದೆ ಅನ್ನೋದೆಲ್ಲ ಸುಳ್ಳು. ಸೋರಿಯಾಸಿಸ್ ಕೂಡ ಅಂಟುರೋಗ ಅಲ್ಲ. ನಮ್ಮ ಅಜ್ಜಿ ಒಂದು ವರ್ಷ ನನಗೆ ಸಾರಿನಲ್ಲಿ ಹುಳಿ ಹಾಕಲಿಲ್ಲ. ಕಲೆ ಹೋಗಲಿಲ್ಲ, ಊಟದ ರುಚಿ ಹೋಯಿತು.

ಬೆಳಕು ಒಳಗೆ ಏನು ಮಾಡುತ್ತದೆ

ತೊನ್ನಿನಲ್ಲಿ ನಮ್ಮ ಮೈಯ ಕಾವಲು ಕೋಶಗಳೇ ತಿರುಗಿಬಿದ್ದು ಬಣ್ಣ ಮಾಡುವ ಕೋಶಗಳನ್ನು ಹೊಡೆಯುತ್ತವೆ. ಸೋರಿಯಾಸಿಸ್‌ನಲ್ಲಿ ಅದೇ ಗಲಾಟೆಯಿಂದ ಚರ್ಮ ಸಿಕ್ಕಾಪಟ್ಟೆ ವೇಗವಾಗಿ ಬೆಳೆದು ಪದರ ಪದರವಾಗಿ ಉದುರುತ್ತದೆ. ಅಲ್ಟ್ರಾವಯಲೆಟ್ ಬಿ ಅನ್ನೋ ಬೆಳಕು ಈ ಗಲಾಟೆ ತಗ್ಗಿಸುತ್ತದೆ. ತೊನ್ನಿನಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕೂದಲಿನ ಬುಡದಲ್ಲಿ ಅಡಗಿ ಉಳಿದಿರುವ ಬಣ್ಣದ ಕೋಶಗಳನ್ನು ಎಬ್ಬಿಸಿ ಮೇಲಕ್ಕೆ ಕರೆತರುತ್ತದೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಏಳನೇ ವಾರ ಇರಬೇಕು, ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದರೆ ಹುಬ್ಬಿನ ಕೆಳಗಿನ ಬಿಳಿಯ ನಡುವೆ ಎಳ್ಳು ಚೆಲ್ಲಿದ ಹಾಗೆ ಮೂರು ಕಂದು ಚುಕ್ಕೆ. ಪ್ರತಿ ಚುಕ್ಕೆಯ ನಡುವೆ ಒಂದೊಂದು ಸಣ್ಣ ಕೂದಲು. ಆಮೇಲೆ ಚುಕ್ಕೆಗಳು ಹಿಗ್ಗಿ ಒಂದಕ್ಕೊಂದು ಕೂಡಿಕೊಂಡವು.

ಗೆಣ್ಣು, ಬೆರಳ ತುದಿ, ತುಟಿ, ಪಾದದ ಬೆರಳು ಯಾಕೆ ಹಟ ಮಾಡುತ್ತವೆ ಅನ್ನೋದೂ ಇದರಲ್ಲೇ ಇದೆ. ಅಲ್ಲಿ ಕೂದಲೇ ಇಲ್ಲ, ಇದ್ದರೂ ಅಷ್ಟಕ್ಕಷ್ಟೇ. ಕಲೆಯೊಳಗಿನ ಕೂದಲೂ ಬೆಳ್ಳಗಾಗಿದ್ದರೆ ಅಲ್ಲಿಯೂ ಕಷ್ಟ, ಯಾಕೆಂದರೆ ಉಗ್ರಾಣವೇ ಖಾಲಿ. ಮುಖ, ಕುತ್ತಿಗೆ ಎಲ್ಲಕ್ಕಿಂತ ಚೆನ್ನಾಗಿ ಕೇಳುತ್ತವೆ. ಹೊಟ್ಟೆ, ಬೆನ್ನು, ತೋಳು, ಕಾಲು ಮಧ್ಯಮ. ಯಾವ ಮಷಿನ್ ಆದರೂ ಈ ಕ್ರಮ ಬದಲಾಗೋದಿಲ್ಲ, ಲಕ್ಷಗಟ್ಟಲೆ ಬೆಲೆಯದ್ದಾದರೂ.

ಬೆಳಕಿನ ಚಿಕಿತ್ಸೆ ಹೊಸದೇನಲ್ಲ. ಚರ್ಮದ ಕ್ಷಯಕ್ಕೆ ಬೆಳಕಿನಿಂದ ಚಿಕಿತ್ಸೆ ಕೊಟ್ಟದ್ದಕ್ಕೆ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲೇ ನೊಬೆಲ್ ಬಂತು. ನಮ್ಮಲ್ಲಂತೂ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರೋದು ತಲೆತಲಾಂತರದ ಪದ್ಧತಿ. ಹೊಸದು ಅಂದರೆ ಅಳತೆ. ಈಗ 311 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ಆಸುಪಾಸಿನ ಬೆಳಕನ್ನಷ್ಟೇ ಕೊಡುವ ಟ್ಯೂಬ್‌ಗಳಿವೆ, ಅದಕ್ಕೆ ನ್ಯಾರೋಬ್ಯಾಂಡ್ ಅನ್ನುತ್ತಾರೆ. ಸರಿಯಾಗಿ 308ರಲ್ಲಿ ಬೆಳಕು ಬಿಡುವ ಎಕ್ಸೈಮರ್ ಇದೆ.

ಅಂಗೈ ಲೆಕ್ಕ

ಆಸ್ಪತ್ರೆಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಕೆಲಸ ಮಾಡಿ. ಬೆರಳು ಸೇರಿಸಿ ನಿಮ್ಮ ಅಂಗೈ ಅಂದರೆ ನಿಮ್ಮ ಮೈಯ ಸುಮಾರು 1 ಪ್ರತಿಶತ. ಮಗುವಿಗಾದರೆ ಮಗುವಿನದೇ ಅಂಗೈ. ಎಲ್ಲ ಕಲೆ ಕೂಡಿಸಿದರೆ ಎಷ್ಟು ಅಂಗೈ ಆಗುತ್ತದೆ ನೋಡಿ. ಹತ್ತಕ್ಕಿಂತ ಕಡಿಮೆ ಇದ್ದರೆ ಕಲೆಗೆ ಮಾತ್ರ ಹಿಡಿಯುವ ಟಾರ್ಗೆಟೆಡ್ ಚಿಕಿತ್ಸೆಯ ಮಾತು ಬರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಇಡೀ ಮೈಗೆ. ನನ್ನದು ಎರಡು ಅಂಗೈಯೂ ಆಗಲಿಲ್ಲ. ಕಾಕಾಂದು ಮೊಣಕೈ, ಮೊಣಕಾಲು ಸೇರಿ ನಾಲ್ಕು.

ಆದರೆ ಈ ಲೆಕ್ಕಕ್ಕೆ ಒಂದು ತಿದ್ದುಪಡಿ ಇದೆ. ತೊನ್ನು ತಿಂಗಳು ತಿಂಗಳು ಹೊಸ ಜಾಗದಲ್ಲಿ ಹುಟ್ಟುತ್ತಿದ್ದರೆ, ಅಂಗೈ ಮೂರೇ ಆದರೂ, ಕಲೆ ಕಲೆಗೆ ಲೈಟ್ ಹಿಡಿಯೋದು ಸೋರುವ ಮಾಳಿಗೆಗೆ ಒಂದೊಂದೇ ಪಾತ್ರೆ ಇಟ್ಟ ಹಾಗೆ. ಆಗ ಡಾಕ್ಟರ್ ಇಡೀ ಮೈಗೆ ಲೈಟ್, ಜೊತೆಗೆ ಮಾತ್ರೆ ಅಂತ ಹೇಳಬಹುದು. ಅದು ಹಣ ಕೀಳೋ ಉಪಾಯ ಅಂದುಕೊಳ್ಳಬೇಡಿ. ಮೊದಲು ಹರಡೋದು ನಿಲ್ಲಬೇಕು.

ಟಾರ್ಗೆಟೆಡ್ ಅಂದರೆ ಮೂರು ಬೇರೆ ಬೇರೆ ವಸ್ತು

ಇಲ್ಲೇ ಗೊಂದಲ ಜಾಸ್ತಿ. ಹುಬ್ಬಳ್ಳಿ-ಧಾರವಾಡದಲ್ಲಿ ನಾನು ವಿಚಾರಿಸಿದ ಕಡೆಗಳಲ್ಲಿ ರಿಸೆಪ್ಷನ್‌ನವರು ಎಲ್ಲದಕ್ಕೂ "ಲೇಸರ್ ಐತ್ರಿ" ಅಂದರು. ಒಳಗೆ ಹೋಗಿ ಕೇಳಿದರೆ ಬೇರೆ ಬೇರೆ.

ಮೊದಲನೆಯದು ನಿಜವಾದ ಎಕ್ಸೈಮರ್ ಲೇಸರ್. ಝೆನಾನ್ ಕ್ಲೋರೈಡ್ ಅನಿಲದಿಂದ 308 ನ್ಯಾನೋಮೀಟರ್ ಬೆಳಕು, ಕೈಯಲ್ಲಿ ಹಿಡಿಯುವ ತುದಿಯಿಂದ ಸುಮಾರು ಎರಡು ಸೆಂಟಿಮೀಟರ್ ಚೌಕಕ್ಕೆ ಬೀಳುತ್ತದೆ. ಸೋರಿಯಾಸಿಸ್‌ಗೆ ಇದರ ಬಳಕೆ 1997ರಲ್ಲಿ ಮೊದಲು ವರದಿಯಾಯಿತು. ಮಷಿನ್ ದುಬಾರಿ, ನಿರ್ವಹಣೆಯೂ ದುಬಾರಿ, ಹಾಗಾಗಿ ನಮ್ಮ ಕಡೆ ಎಲ್ಲೆಂದರಲ್ಲಿ ಸಿಗೋದಿಲ್ಲ.

ಎರಡನೆಯದು ಎಕ್ಸೈಮರ್ ಲ್ಯಾಂಪ್. ಅದೇ 308, ಆದರೆ ಲೇಸರ್ ಕಿರಣ ಅಲ್ಲ, ದೀಪ. ಒಂದು ಸಲಕ್ಕೆ ಇನ್ನೂ ದೊಡ್ಡ ಜಾಗಕ್ಕೆ ಬೀಳುತ್ತದೆ. ತೊನ್ನಿನಲ್ಲಿ ಎರಡರ ಫಲಿತಾಂಶ ಹೆಚ್ಚು ಕಡಿಮೆ ಒಂದೇ ಅಂತ ಹೋಲಿಸಿ ನೋಡಿದ ಅಧ್ಯಯನಗಳು ಹೇಳುತ್ತವೆ. ಹಾಗಾಗಿ "ಇದು ಲೇಸರ್" ಅಂತ ಹೇಳಿ ಲ್ಯಾಂಪ್‌ಗಿಂತ ದುಪ್ಪಟ್ಟು ಕೇಳಿದರೆ ಯಾಕೆ ಅಂತ ಕೇಳೋದರಲ್ಲಿ ತಪ್ಪಿಲ್ಲ. ನಾನಾದರೆ ಲ್ಯಾಂಪೇ ಆರಿಸುತ್ತೇನೆ, ಅದು ನನ್ನ ಬಸ್ ಸ್ಟ್ಯಾಂಡಿಗೆ ಹತ್ತಿರ ಇದ್ದರೆ.

ಮೂರನೆಯದು ಮಾಮೂಲಿ ಅಲ್ಟ್ರಾವಯಲೆಟ್ ಬಿ ಬೆಳಕನ್ನೇ ಫೈಬರ್ ಕೊಳವೆಯಲ್ಲಿ ತಂದು ಕಲೆಗೆ ಬಿಡುವ ಮಷಿನ್. ಇದನ್ನೇ ಹಲವು ಕ್ಲಿನಿಕ್‌ಗಳು ಸುಮ್ನೆ ಟಾರ್ಗೆಟೆಡ್ ಫೋಟೋಥೆರಪಿ ಅನ್ನುತ್ತವೆ. ಕೆಲಸ ಮಾಡುತ್ತದೆ, ಆದರೆ ಎಕ್ಸೈಮರ್‌ನ ದರ ಇದಕ್ಕೆ ಕೊಡಬೇಡಿ.

ಮೂರರಲ್ಲೂ ಲಾಭ ಒಂದೇ ತರಹದ್ದು. ಸುತ್ತಲಿನ ಒಳ್ಳೆಯ ಚರ್ಮಕ್ಕೆ ಬೆಳಕು ತಾಗೋದಿಲ್ಲ. ಇಡೀ ಮೈಗೆ ಲೈಟ್ ತಗೊಂಡರೆ ಮೊದಲ ತಿಂಗಳು ನಮ್ಮ ಕಂದು ಬಣ್ಣ ಇನ್ನೂ ಕಪ್ಪಾಗಿ, ಕಲೆ ಇನ್ನೂ ಬೆಳ್ಳಗೆ ಎದ್ದು ಕಾಣುತ್ತದೆ, ಎಷ್ಟೋ ಜನ ಅಲ್ಲೇ ಹೆದರಿ ಬಿಡುತ್ತಾರೆ. ಟಾರ್ಗೆಟೆಡ್‌ನಲ್ಲಿ ಅಂಚಿನಲ್ಲಿ ಮಾತ್ರ ಕಪ್ಪು ಗೆರೆ. ಸೋರಿಯಾಸಿಸ್‌ನಲ್ಲಿ ಲಾಭ ಇನ್ನೂ ದೊಡ್ಡದು. ದಪ್ಪ ಚಕ್ಕೆಯ ಚರ್ಮ ಜಾಸ್ತಿ ಬೆಳಕು ತಡೆದುಕೊಳ್ಳುತ್ತದೆ, ಪಕ್ಕದ್ದು ತಡೆಯೋದಿಲ್ಲ. ಗುರಿಯಿಟ್ಟು ಹಿಡಿದರೆ ದಪ್ಪ ಜಾಗಕ್ಕೆ ಮೊದಲಿಂದಲೇ ಜೋರು ಡೋಸ್ ಕೊಡಬಹುದು, ಅದಕ್ಕೆ ಕಡಿಮೆ ಸಲದಲ್ಲಿ ಮುಗಿಯುತ್ತದೆ.

ಕಾಕಾ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಾನೆ. ಮೊಣಕೈ ಊರಿ ಬರೆದರೆ ಖಾತೆ ಪುಸ್ತಕದ ಮೇಲೆ ಹೊಟ್ಟು ಉದುರಿದ ಹಾಗೆ ಬಿಳಿ ಪುಡಿ. ಅದನ್ನು ಊದಿ ಊದಿ ಬರೆಯುತ್ತಿದ್ದ. ಪೇಟೆ ಜೋರಿರುವ ಜನವರಿಯಿಂದ ಏಪ್ರಿಲ್‌ವರೆಗೆ ಅವನಿಗೆ ಹುಬ್ಬಳ್ಳಿಗೆ ಬರಲು ಪುರಸೊತ್ತೇ ಇಲ್ಲ, ಹಾಗಾಗಿ ಮೇ ತಿಂಗಳಲ್ಲಿ ಶುರು ಮಾಡಿಸಿದೆವು. ಹನ್ನೊಂದು ಸಲಕ್ಕೆ ಎರಡೂ ಮೊಣಕೈ ನುಣ್ಣಗಾದವು. ಮೊಣಕಾಲು ಇನ್ನೂ ನಾಲ್ಕು ಸಲ ತಗೊಂಡಿತು. ಆರು ತಿಂಗಳಿಗೆ ಸ್ವಲ್ಪ ಮರಳಿ ಬಂತು, ಅದೂ ನಿಜ. ಸೋರಿಯಾಸಿಸ್ ಹೋಗೋದಿಲ್ಲ, ತಣ್ಣಗಾಗುತ್ತದೆ.

ಅವನಿಗೆ ಹೇಳಿದ ಒಂದು ಸಣ್ಣ ಸಂಗತಿ ನಿಮಗೂ ಬೇಕು. ಚಕ್ಕೆ ತೆಗೆಯಲು ಕೊಡುವ ಸ್ಯಾಲಿಸಿಲಿಕ್ ಆ್ಯಸಿಡ್ ಮುಲಾಮು ಬೆಳಕನ್ನು ತಡೆಯುತ್ತದೆ. ಲೈಟ್‌ಗೆ ಹೋಗುವ ದಿನ ಅದನ್ನು ಹಚ್ಚಿಕೊಂಡು ಹೋದರೆ ಕೊಡೆ ಹಿಡಿದು ಮಳೆಯಲ್ಲಿ ನೆನೆಯಲು ಹೋದಂತೆ. ಸ್ನಾನ ಮಾಡಿ, ಚಕ್ಕೆ ಮೆತ್ತಗಾಗಿ ಬಿದ್ದ ಮೇಲೆ ಹೋಗಿ. ಕ್ಯಾಲ್ಸಿಪೊಟ್ರಿಯಾಲ್ ತರಹದ ಮುಲಾಮು ಲೈಟ್ ಆದ ಮೇಲೆ ಹಚ್ಚಬೇಕು, ಮುಂಚೆ ಹಚ್ಚಿದರೆ ಬೆಳಕಿಗೆ ಅದೇ ಕೆಡುತ್ತದೆ.

ಇಡೀ ಮೈಗೆ ಲೈಟ್

ಬಟ್ಟೆ ಅಂಗಡಿಯ ಟ್ರಯಲ್ ರೂಮಿನಷ್ಟು ಪೆಟ್ಟಿಗೆ, ಗೋಡೆ ತುಂಬ ಉದ್ದ ಟ್ಯೂಬ್‌ಗಳು. ಕಪ್ಪು ಕನ್ನಡಕ ಹಾಕಿ ನಿಲ್ಲಬೇಕು, ಗಂಡಸರು ಗುಪ್ತಾಂಗ ಮುಚ್ಚಿಕೊಳ್ಳಬೇಕು. ತೊನ್ನಿಗೆ ಸಾಮಾನ್ಯವಾಗಿ 200 ಮಿಲಿಜೂಲ್‌ನಿಂದ (ಬೆಳಕಿನ ಡೋಸ್ ಅಳೆಯುವ ಲೆಕ್ಕ) ಶುರು ಮಾಡಿ, ಪ್ರತಿ ಸಲ 10ರಿಂದ 20 ಪ್ರತಿಶತ ಏರಿಸುತ್ತಾ ಹೋಗುತ್ತಾರೆ. ಕಲೆ ತಿಳಿ ಗುಲಾಬಿ ಆಗಿ 24 ಗಂಟೆಯೊಳಗೆ ಮಾಯ ಆದರೆ ಡೋಸ್ ಸರಿಯಾಗಿದೆ ಅಂತ ಅರ್ಥ. ಈ ಗುಲಾಬಿ ಲೆಕ್ಕ ಟಾರ್ಗೆಟೆಡ್‌ಗೂ ಅನ್ವಯ.

ಹತ್ತು ಅಂಗೈ ದಾಟಿದವರಿಗೆ, ಹರಡುತ್ತಿರುವವರಿಗೆ ಇದೇ ಮೊದಲ ಆಯ್ಕೆ. ಟಾರ್ಗೆಟೆಡ್‌ನಲ್ಲಿ ಅಷ್ಟೊಂದು ಕಲೆಗೆ ಒಂದೊಂದಾಗಿ ಹಿಡಿಯುತ್ತಾ ಹೋದರೆ ಗಂಟೆ ಆಗುತ್ತದೆ, ಬಿಲ್ಲೂ ಕಲೆ ಲೆಕ್ಕದಲ್ಲಿ ಏರುತ್ತದೆ. ಸಣ್ಣ ಮಕ್ಕಳು ಮಾತ್ರ ಪೆಟ್ಟಿಗೆಯೊಳಗೆ ಒಬ್ಬರೇ ನಿಲ್ಲಲು ಹೆದರುತ್ತಾರೆ. ಒಂದೆರಡು ಕಲೆಯ ಮಗುವಿಗೆ ಟಾರ್ಗೆಟೆಡ್ ವಾಸಿ, ಅಮ್ಮನ ತೊಡೆ ಮೇಲೆ ಕೂತೇ ಮುಗಿಯುತ್ತದೆ.

ಬಸ್ಸಿನ ಲೆಕ್ಕ

ಈಗ ಎಲ್ಲರೂ ಬಿಟ್ಟುಬಿಡುವ ವಿಷಯ. ಗದಗದಿಂದ ಅಣ್ಣಿಗೇರಿ ಮೇಲೆ ಹುಬ್ಬಳ್ಳಿಗೆ ಹತ್ತಿರ ಹತ್ತಿರ 60 ಕಿಲೋಮೀಟರ್. ಬಸ್ಸು, ಆಟೋ, ಸರದಿ ಸೇರಿ ನನಗೆ ಅರ್ಧ ದಿನ. ಗೆಣ್ಣಿಗೆ ಬೆಳಕು ಬೀಳುವುದು ಎಷ್ಟು ಹೊತ್ತು? ಒಂದು ಕಲೆಗೆ ಕೆಲವು ಸೆಕೆಂಡು. ಮೊದಲ ದಿನ ನಾನು "ಮುಗೀತೇನ್ರಿ?" ಅಂತ ಕೇಳಿದ್ದೆ.

ವಾರಕ್ಕೆ ಎರಡು ಸಲ, ಎರಡರ ನಡುವೆ ಒಂದು ದಿನವಾದರೂ ಬಿಡುವು. ಮೂರು ತಿಂಗಳ ಮುಂಚೆ ತೊನ್ನಿನಲ್ಲಿ ಯಾವ ತೀರ್ಮಾನಕ್ಕೂ ಬರಬಾರದು. ಇಡೀ ಮೈ ಲೈಟ್‌ನಲ್ಲಿ ಸುಮಾರು 48 ಸಲ ಆದಮೇಲಷ್ಟೇ ಇದು ಕೆಲಸ ಮಾಡಲಿಲ್ಲ ಅಂತ ಹೇಳಬಹುದು. ಅಂದರೆ ಆರು ತಿಂಗಳು. ಒಂದು ಸಲಕ್ಕೆ 500 ರೂಪಾಯಿ ಅಂತ ಇಟ್ಟುಕೊಳ್ಳಿ, 24,000 ಆಯಿತು. ಅದಕ್ಕೆ 48 ಅರ್ಧ ದಿನದ ಕೂಲಿ ಸೇರಿಸಿ. ದಿನಗೂಲಿಯವರಿಗೆ ಆ ಎರಡನೆಯದೇ ದೊಡ್ಡದು, ಅಲ್ವಾ? ನನಗೆ 2023ರಿಂದ ಶಕ್ತಿ ಯೋಜನೆಯ ಪುಕ್ಕಟೆ ಬಸ್ ಸಿಕ್ಕಿದ್ದು ನಿಜಕ್ಕೂ ಅನುಕೂಲ ಆಯಿತು. ಕಾಕಾನಿಗೆ ಆ ಭಾಗ್ಯ ಇಲ್ಲ, ಹೋಗಿ ಬರುವಾಗೆಲ್ಲ ಗೊಣಗುತ್ತಿದ್ದ.

ಹಾಗಾಗಿ ದೂರದ ದೊಡ್ಡ ಮಷಿನ್‌ಗಿಂತ ಹತ್ತಿರದ ಸಾಧಾರಣ ಮಷಿನ್ ಮೇಲು. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿ-ಆರ್‌ಐ ಅಂತ ಹೆಸರು), ಧಾರವಾಡ ಸತ್ತೂರಿನ ಎಸ್‌ಡಿಎಂ, ಗದಗ ಮತ್ತು ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳು, ಇವುಗಳ ಚರ್ಮರೋಗ ವಿಭಾಗದಲ್ಲಿ ಮೊದಲು ವಿಚಾರಿಸಿ, ಆಮೇಲೆ ಖಾಸಗಿ ಕ್ಲಿನಿಕ್. ಮಷಿನ್ ಇದೆಯಾ ಅಂತ ಮಾತ್ರ ಕೇಳಬೇಡಿ. ಈಗ ನಡೆಯುತ್ತಿದೆಯಾ, ವಾರದಲ್ಲಿ ಯಾವ ಯಾವ ದಿನ, ಎಷ್ಟು ಗಂಟೆಗೆ, ಟ್ಯೂಬ್ ಬದಲಿಸಿ ಎಷ್ಟು ದಿನ ಆಯಿತು ಅಂತ ಕೇಳಿ. ಟ್ಯೂಬ್ ಹಳೆಯದಾದರೆ ಬೆಳಕು ಕಾಣುತ್ತದೆ, ಕೆಲಸ ಮಾಡುವ ಭಾಗ ಕಡಿಮೆ ಆಗಿರುತ್ತದೆ.

ನಾನು ಸುಟ್ಟುಕೊಂಡದ್ದು

ಮೂರನೇ ತಿಂಗಳಲ್ಲಿ ಹಾವೇರಿಯಲ್ಲಿ ತಂಗಿಯ ಮದುವೆ. ಹದಿನೇಳು ದಿನ ಹೋಗಲಿಲ್ಲ. ಮರಳಿ ಹೋದಾಗ ಡಾಕ್ಟರ್ ಇರಲಿಲ್ಲ. ಆ ಕ್ಲಿನಿಕ್‌ನ ಸಹಾಯಕ ಹುಡುಗ ಕಾರ್ಡ್ ನೋಡಿ, ಹಿಂದಿನ ಅಂಕಿಗೆ ಇನ್ನಷ್ಟು ಕೂಡಿಸಿ ಹಿಡಿದುಬಿಟ್ಟ. ನಾನೂ ಹೇಳಲಿಲ್ಲ, ಅವನೂ ದಿನಾಂಕ ನೋಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಕೈ ಉರಿಯತೊಡಗಿತು. ಬೆಳಿಗ್ಗೆ ಎರಡು ಗೆಣ್ಣಿನ ಮೇಲೆ ನೀರುಗುಳ್ಳೆ, ಕಣ್ಣು ರೆಪ್ಪೆ ಊದಿ ಅರ್ಧ ಮುಚ್ಚಿತ್ತು. ತಣ್ಣೀರು ಬಟ್ಟೆ, ಡಾಕ್ಟರ್ ಬರೆದುಕೊಟ್ಟ ಮುಲಾಮು, ಎರಡು ವಾರ ರಜೆ.

ಆಮೇಲೆ ಗೊತ್ತಾದ ಲೆಕ್ಕ ಹೀಗೆ. ಒಂದು ಸಲ ತಪ್ಪಿ ಅಂತರ ಒಂದು ವಾರದವರೆಗೆ ಹೋದರೆ ಹಿಂದಿನ ಡೋಸೇ, ಏರಿಸಬಾರದು. ಎರಡನೇ ವಾರಕ್ಕೆ ಹೋದರೆ ಕಾಲು ಭಾಗ ಕಡಿಮೆ. ಮೂರನೇ ವಾರಕ್ಕೆ ಅರ್ಧಕ್ಕರ್ಧ ಕಡಿಮೆ. ಮೂರು ವಾರ ದಾಟಿದರೆ ಮೊದಲಿಂದ ಶುರು. ನನಗೆ ಅರ್ಧಕ್ಕೆ ಇಳಿಸಬೇಕಿತ್ತು. ಸುಟ್ಟ ಗಾಯದ ಜಾಗದಲ್ಲೇ ತೊನ್ನು ಹರಡುವ ಸಾಧ್ಯತೆಯೂ ಇದೆ, ಸೋರಿಯಾಸಿಸ್ ಕೂಡ ಗಾಯದ ಮೇಲೆ ಹುಟ್ಟುತ್ತದೆ. ಅದಕ್ಕೇ ಜೋರು ಡೋಸ್ ಅಂದರೆ ಬೇಗ ವಾಸಿ ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ. ಡೋಸ್ ಕಾರ್ಡಿನ ಫೋಟೋ ಈಗ ನನ್ನ ಮೊಬೈಲಿನಲ್ಲೂ ಇರುತ್ತದೆ. ಕುರ್ಚಿಯಲ್ಲಿ ಕೂತ ತಕ್ಷಣ "ಹೋದ ಸಲ ಬಂದದ್ದು ಇಂಥಾ ದಿನ" ಅಂತ ನಾನೇ ಹೇಳುತ್ತೇನೆ.

ನೀವು ನುಂಗುವ ಮಾತ್ರೆಗಳನ್ನೂ ಹೇಳಿ. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್, ಕೆಲವು ಬಿಪಿ ಮಾತ್ರೆ ಚರ್ಮವನ್ನು ಬೆಳಕಿಗೆ ಬೇಗ ಸುಡುವಂತೆ ಮಾಡುತ್ತವೆ. ಲೂಪಸ್ (ಕಾವಲು ಕೋಶಗಳು ಮೈಮೇಲೆಯೇ ತಿರುಗಿಬೀಳುವ ಇನ್ನೊಂದು ರೋಗ) ಇದ್ದವರಿಗೆ, ಮುಂಚೆ ಚರ್ಮದ ಕ್ಯಾನ್ಸರ್ ಆದವರಿಗೆ ಈ ದಾರಿಯೇ ಬೇಡ. ಬಸುರಿಯರಿಗೆ ಅಲ್ಟ್ರಾವಯಲೆಟ್ ಬಿ ಡಾಕ್ಟರ್ ನಿಗಾದಲ್ಲಿ ನಡೆಯುತ್ತದೆ, ಮುಂದೆ ಹೇಳುವ ಸೋರಾಲೆನ್ ನಡೆಯೋದಿಲ್ಲ.

ಮನೆ ಮಷಿನ್

ದೂರದ ಹಳ್ಳಿಯವರಿಗೆ, ರಜೆ ಸಿಗದವರಿಗೆ ಇದು ಒಳ್ಳೆಯ ದಾರಿ, ನನ್ನ ಮಟ್ಟಿಗೆ ಜನ ಅಂದುಕೊಂಡದ್ದಕ್ಕಿಂತ ಒಳ್ಳೆಯದು. ತಲೆ ಬಾಚುವ ದೊಡ್ಡ ಬ್ರಷ್‌ನ ಆಕಾರ, ಒಳಗೆ 9 ವ್ಯಾಟ್‌ನ ಸಣ್ಣ ನ್ಯಾರೋಬ್ಯಾಂಡ್ ಟ್ಯೂಬ್. ಕೆಲವಕ್ಕೆ ಹಣಿಗೆ ಸಿಕ್ಕಿಸಿದರೆ ಕೂದಲು ಸರಿಸಿ ತಲೆಯ ಸೋರಿಯಾಸಿಸ್‌ಗೂ ಹಿಡಿಯಬಹುದು. ಎಕ್ಸೈಮರ್‌ನಷ್ಟು ಶಕ್ತಿ ಇಲ್ಲ, ಹಾಗಾಗಿ ಒಂದು ಕಲೆಗೆ ಜಾಸ್ತಿ ಹೊತ್ತು ಹಿಡಿಯಬೇಕು. ಆದರೆ ಬಸ್ಸಿಲ್ಲ, ಸರದಿ ಇಲ್ಲ. ಬೆಲೆಯನ್ನು ಕ್ಲಿನಿಕ್‌ನ 48 ಸಲದ ಲೆಕ್ಕದ ಪಕ್ಕ ಇಟ್ಟು ನೋಡಿ, ಆಮೇಲೆ ದುಬಾರಿ ಅನ್ನಿ.

ಷರತ್ತು ಮೂರು. ಡಾಕ್ಟರ್ ಎಷ್ಟು ಸೆಕೆಂಡು ಅಂತ ಬರೆದುಕೊಡಬೇಕು, ತಿಂಗಳಿಗೊಮ್ಮೆ ಅವರಿಗೆ ತೋರಿಸಬೇಕು. ಅಲ್ಟ್ರಾವಯಲೆಟ್ ತಡೆಯುವ ಕನ್ನಡಕವೇ ಬೇಕು, ಜಾತ್ರೆಯಲ್ಲಿ ಕೊಂಡ ಕೂಲಿಂಗ್ ಗ್ಲಾಸ್ ಅಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಬೀಗದೊಳಗೆ ಇಡಿ.

ಆನ್‌ಲೈನ್‌ನಲ್ಲಿ ಯುವಿ ಅಂತ ಕಂಡದ್ದೆಲ್ಲ ಇದಲ್ಲ. ನಮ್ಮ ಸಂಬಂಧಿಕರ ಹುಡುಗ ಒಬ್ಬ 395 ನ್ಯಾನೋಮೀಟರ್ ಟಾರ್ಚ್ ತರಿಸಿ ಎರಡು ತಿಂಗಳು ಕಾಲಿಗೆ ಹಿಡಿದ. ಅದು ಖೋಟಾ ನೋಟು ನೋಡುವ ಟಾರ್ಚ್. ಉಗುರಿಗೆ ಬಣ್ಣ ಒಣಗಿಸುವ ದೀಪವೂ ಆಗೋದಿಲ್ಲ. ಕೊರೋನಾ ಕಾಲದಲ್ಲಿ ಕ್ರಿಮಿ ಕೊಲ್ಲಲು ತಂದ 254 ನ್ಯಾನೋಮೀಟರ್ ಟ್ಯೂಬ್ ಅಂತೂ ಅಪಾಯ, ಕಣ್ಣು ಚರ್ಮ ಎರಡನ್ನೂ ಸುಡುತ್ತದೆ. ಪೆಟ್ಟಿಗೆ ಮೇಲೆ 311 ಇಲ್ಲಾ 308 ಅಂತ ಇಲ್ಲದಿದ್ದರೆ ಕೈಬಿಡಿ.

ಬಾವಂಚಿ, ಸೋರಾಲೆನ್, ಬಿಸಿಲು

ಖರ್ಚು ಕಡಿಮೆ ಇದರದ್ದೇ, ಸುಡುವ ಭಯ ಜಾಸ್ತಿಯೂ ಇದರದ್ದೇ. ಬಾವಂಚಿಯಲ್ಲಿ ಇರುವ ಸೋರಾಲೆನ್ ಚರ್ಮವನ್ನು ಅಲ್ಟ್ರಾವಯಲೆಟ್ ಎ ಬೆಳಕಿಗೆ ಹದ ಮಾಡುತ್ತದೆ. ಆಸ್ಪತ್ರೆಯಲ್ಲಿ ಅದೇ ತತ್ವದಿಂದ ಮಾತ್ರೆ ಇಲ್ಲಾ ಲೋಷನ್ ಕೊಟ್ಟು ಬಿಸಿಲಿಗೆ ನಿಲ್ಲಿಸುತ್ತಾರೆ. ಡಾಕ್ಟರ್ ಹೇಳಿದಷ್ಟು ತೆಳು ಮಾಡಿ, ಹೇಳಿದಷ್ಟೇ ನಿಮಿಷ ಕೂತರೆ ಫಲ ಇದೆ. ಆದರೆ ಬಿಸಿಲಿಗೆ ಡೋಸ್ ಕಾರ್ಡ್ ಇಲ್ಲ. ಜುಲೈನ ಮೋಡದ ಧಾರವಾಡದ ಹತ್ತು ನಿಮಿಷ ಬೇರೆ, ಏಪ್ರಿಲ್‌ನ ಗದಗದ ಹತ್ತು ನಿಮಿಷ ಬೇರೆ. ಬೀಜ ಅರೆದು ದಪ್ಪಗೆ ಹಚ್ಚಿ ಮಧ್ಯಾಹ್ನ ಹೊಲದಲ್ಲಿ ನಿಂತರೆ ಬೊಬ್ಬೆ ಗ್ಯಾರಂಟಿ.

ಮಾತ್ರೆ ನುಂಗಿದ ದಿನ ಪೂರ್ತಿ 24 ಗಂಟೆ ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕು. 12 ವರ್ಷದೊಳಗಿನ ಮಕ್ಕಳಿಗೆ ಮಾತ್ರೆ ಬೇಡ. ನ್ಯಾರೋಬ್ಯಾಂಡ್ ಕೈಗೆಟುಕುವ ದೂರದಲ್ಲಿದ್ದರೆ ನಾನು ಇದರ ತಂಟೆಗೇ ಹೋಗೋದಿಲ್ಲ. ಔಷಧಿ ಇಲ್ಲದ ಬರೀ ಎಳೆ ಬಿಸಿಲು ಮುಖದ ಸಣ್ಣ ಕಲೆಗೆ ಮುಲಾಮಿನ ಜೊತೆ ಸ್ವಲ್ಪ ನೆರವಾಗಬಹುದು. ಕಿಟಕಿಯ ಗಾಜಿನ ಒಳಗೆ ಕೂತು ಅಲ್ಲ, ಗಾಜು ಅಲ್ಟ್ರಾವಯಲೆಟ್ ಬಿ ಬಿಡೋದಿಲ್ಲ.

ಬರೀ ಲೈಟ್ ಸಾಲದು

ಮುಖದ ತೊನ್ನಿಗೆ ಲೈಟ್ ಜೊತೆ ಟ್ಯಾಕ್ರೋಲಿಮಸ್ ಮುಲಾಮು ಸೇರಿದರೆ ಬರೀ ಲೈಟ್‌ಗಿಂತ ಚೆನ್ನಾಗಿ ಬಣ್ಣ ಬರುತ್ತದೆ. ನನ್ನ ಹುಬ್ಬಿಗೆ ಎರಡೂ ಇತ್ತು. ಬಣ್ಣ ಬಂದ ಮೇಲೂ ವಾರಕ್ಕೆರಡು ರಾತ್ರಿ ಹಚ್ಚುತ್ತಿದ್ದೇನೆ, ಮರಳಿ ಬಾರದಿರಲಿ ಅಂತ. ತಿಂಗಳಿಗೊಮ್ಮೆ ಅದೇ ಕಿಟಕಿಯ ಪಕ್ಕ, ಅದೇ ಹೊತ್ತಿಗೆ ಒಂದು ಫೋಟೋ ತೆಗೆದಿಡಿ. ದಿನಾ ಕನ್ನಡಿ ನೋಡುವವರಿಗೆ ಏನೂ ಬದಲಾಗಿಲ್ಲ ಅಂತಲೇ ಅನಿಸುತ್ತದೆ. ನಾನು ನಾಲ್ಕನೇ ತಿಂಗಳಲ್ಲಿ ಬಿಡಬೇಕು ಅಂತಿದ್ದೆ, ಮೊದಲ ಫೋಟೋ ತೆಗೆದು ನೋಡಿ ಸುಮ್ಮನಾದೆ.

ಗೆಣ್ಣುಗಳ ಫೋಟೋ ಮಾತ್ರ ಆರೂ ತಿಂಗಳು ಒಂದೇ ತರಹ. 48 ಆದ ಮೇಲೆ ಡಾಕ್ಟರ್ ತಾವೇ ನಿಲ್ಲಿಸಿದರು, ಅದಕ್ಕೆ ಅವರ ಮೇಲೆ ಗೌರವ ಬಂತು. ಇಂಥ ಜಾಗಕ್ಕೆ ತೊಡೆಯಿಂದ ಒಳ್ಳೆಯ ಚರ್ಮದ ಸಣ್ಣ ಚೂರು ತೆಗೆದು ಕೂರಿಸುವ ಇಲ್ಲಾ ಬಣ್ಣದ ಕೋಶಗಳನ್ನು ಬೇರ್ಪಡಿಸಿ ಹಚ್ಚುವ ಶಸ್ತ್ರಚಿಕಿತ್ಸೆ ಇದೆ, ಆಮೇಲೆ ಮತ್ತೆ ಲೈಟ್. ಆದರೆ ಒಂದು ವರ್ಷವಾದರೂ ಎಲ್ಲೂ ಹೊಸ ಕಲೆ ಬಂದಿರಬಾರದು. ನಾನು ಕ್ಯಾಲೆಂಡರಿನಲ್ಲಿ ತಿಂಗಳು ಎಣಿಸುತ್ತಿದ್ದೆ, ಒಂಬತ್ತು ಆಗಿತ್ತು. ಹೋದ ತಿಂಗಳು ಎಡಗೈ ಹೆಬ್ಬೆರಳ ಬುಡದಲ್ಲಿ ರಾಗಿಕಾಳಿನಷ್ಟು ಹೊಸದೊಂದು ಬಂತು. ಎಣಿಕೆ ಮತ್ತೆ ಒಂದರಿಂದ.